ಒಂದು ಅನುಮತಿ ಪತ್ರಕ್ಕಾಗಿ ಚಂದ್ರಗಿರಿ ದಾಟಿದ್ದು

ಪುಸ್ತಕ ಕೈಗೆ ಬಂದು ಇವತ್ತಿಗೆ ಒಂಬತ್ತು ದಿನ. ಮಲಯಾಳದ ಹನ್ನೊಂದು ಕಥೆಗಳು, ಕನ್ನಡದಲ್ಲಿ 168 ಪುಟ. ಅಷ್ಟನ್ನು ಕನ್ನಡಕ್ಕೆ ತರಲು ನನಗೆ ಎಂಟು ತಿಂಗಳು ಸಾಕಾಯಿತು. ತಂದದ್ದು ಅಚ್ಚಾಗುವುದಕ್ಕೆ ಮತ್ತೆ ಮೂರು ವರ್ಷ ಎಂಟು ತಿಂಗಳು ಬೇಕಾಯಿತು. ಯಾರನ್ನು ಕೇಳಬೇಕು, ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂದು ಹೇಳುವವರು ಆಗ ಯಾರೂ ಸಿಗಲಿಲ್ಲ. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಮಲಯಾಳವೇ ಆಗಬೇಕೆಂದಿಲ್ಲ, ತೀರಿಕೊಂಡ ಲೇಖಕರ ಕೃತಿಯನ್ನು ಯಾವ ಭಾಷೆಯಿಂದ ತರುವವರಿಗೂ ಇದರಲ್ಲಿ ಏನಾದರೂ ಸಿಕ್ಕೀತು.

ನನ್ನ ಊರು ಕಾಸರಗೋಡಿನ ಮುಳ್ಳೇರಿಯದಿಂದ ಒಳಗೆ. ಅಜ್ಜನ ಜಾಗದ ಕಾಗದಗಳಲ್ಲಿ ಮದರಾಸು ಎಂದಿದೆ, ಅಪ್ಪನ ಕಾಗದಗಳಲ್ಲಿ ಕೇರಳ ಎಂದಿದೆ. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟಾಗ ನಮ್ಮ ಮನೆ ಇದ್ದಲ್ಲೇ ಇತ್ತು, ರಾಜ್ಯ ಬದಲಾಯಿತು. ಮನೆಯೊಳಗೆ ಹವ್ಯಕ ಕನ್ನಡ, ತೋಟದಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ಬಸ್ಸು ಹತ್ತಿದರೆ ಮಲಯಾಳ. ಮಲಯಾಳವನ್ನು ಯಾರೂ ನನಗೆ ಕೂರಿಸಿ ಕಲಿಸಲಿಲ್ಲ. ಕಂಡಕ್ಟರರ ಮಾತು ಕೇಳಿ ಕಿವಿಗೆ ಬಂತು, ಬೋರ್ಡುಗಳನ್ನು ಓದಿ ಕಣ್ಣಿಗೆ ಬಂತು, ಕಡೆಗೆ ವಾಯನಶಾಲೆಯ, ಅಂದರೆ ಊರಿನ ಓದುಮನೆಯ, ಪುಸ್ತಕಗಳಿಂದ ಒಳಗಿಳಿಯಿತು. ಹತ್ತನೆಯ ತರಗತಿಯ ರಜೆಯಲ್ಲಿ ಅಂಥದೊಂದು ವಾಯನಶಾಲೆಯಲ್ಲೇ ಈ ಕಥೆಗಳನ್ನು ಮೊದಲು ಓದಿದ್ದು. ಬರೆದವರು ನೀಲೇಶ್ವರದ ಕಡೆಯ ಪ್ರಾಥಮಿಕ ಶಾಲೆಯ ಮಾಷ್. ಮನೆಯವರ ಇಚ್ಛೆಯಂತೆ ಹೆಸರು ಇಲ್ಲಿ ಹಾಕುವುದಿಲ್ಲ. ಒಂದು ಕಥೆಯಲ್ಲಿ ಬೀಡಿ ಕಟ್ಟುವವರ ನಡುವೆ ಕೂತು ದಿನವಿಡೀ ಪತ್ರಿಕೆ ಓದಿ ಹೇಳುವ ಹುಡುಗನಿದ್ದಾನೆ, ಇನ್ನೊಂದರಲ್ಲಿ ನೀರಿಗಾಗಿ ಗುಡ್ಡೆಯ ಮುರಕಲ್ಲು ಕೊರೆಯುತ್ತಾ ಒಳಹೋಗುವವನಿದ್ದಾನೆ. ನಮ್ಮ ಮನೆಗೆ ಇವತ್ತಿಗೂ ನೀರು ಬರುವುದು ಅಂಥದೇ ಸುರಂಗದಿಂದ. ನಮ್ಮ ಗುಡ್ಡೆಯ ಬದುಕು ಅಚ್ಚಿನಲ್ಲಿ ಇರುವುದನ್ನು ನಾನು ಮೊದಲು ಕಂಡದ್ದು ಮಲಯಾಳದಲ್ಲಿ. ಅದು ಕನ್ನಡಕ್ಕೂ ಬರಬೇಕು ಅನಿಸಿದ್ದು ಆಗಲೇ. ಕೈಗೂಡುವಾಗ ನನಗೆ ನಲವತ್ತಾರು.

2021ರ ಜೂನ್‌ನಲ್ಲಿ ಶುರು ಮಾಡಿ ಮರುವರ್ಷ ಫೆಬ್ರವರಿಗೆ ಹನ್ನೊಂದೂ ಕಥೆ ಮುಗಿಸಿದೆ. ನಾನು ಮಾಡಿದ ಮೊದಲ ತಪ್ಪು ಅದೇ. ಒಂದು ಕಥೆ ಮಾಡಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಅನುಮತಿ ಕೇಳಬೇಕಿತ್ತು. ಪೂರ್ತಿ ಮಾಡಿಟ್ಟ ಮೇಲೆ ಮನಸ್ಸು ಅದಕ್ಕೆ ಅಂಟಿಕೊಳ್ಳುತ್ತದೆ. ಮನೆಯವರು ಬೇಡ ಎಂದರೆ ಎಂಟು ತಿಂಗಳು ಪೆಟ್ಟಿಗೆಗೆ ಹೋಗುತ್ತದೆ ಎಂಬ ಭಯದಲ್ಲೇ ಮುಂದಿನ ಒಂದೂವರೆ ವರ್ಷ ಕಳೆದೆ.

ಅನುಮತಿ ಯಾಕೆ ಬೇಕು ಎಂದು ಕೆಲವರು ಕೇಳಿದ್ದರು, ಲೇಖಕರೇ ಇಲ್ಲವಲ್ಲ ಎಂದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದ ಮಾಡಿಸುವ ಹಕ್ಕೂ ಲೇಖಕರದ್ದೇ. ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಆ ಹಕ್ಕು ಉಳಿಯುತ್ತದೆ. ನಮ್ಮ ಮಾಷ್ ತೀರಿಕೊಂಡದ್ದು 1998ರಲ್ಲಿ. ಹಾಗಾಗಿ 2058ರ ಡಿಸೆಂಬರ್ ಕೊನೆಯವರೆಗೆ ಆ ಕಥೆಗಳು ಅವರ ವಾರಸುದಾರರ ಸ್ವತ್ತು. ಈ ಲೆಕ್ಕವನ್ನು ಮೊದಲ ದಿನವೇ ಮಾಡಿಕೊಳ್ಳಿ. 1964ರಲ್ಲೋ ಅದಕ್ಕೂ ಮೊದಲೋ ತೀರಿಕೊಂಡವರ ಕೃತಿಯಾದರೆ ನೀವು ಈ ಅಲೆದಾಟದಿಂದ ಪಾರು.

ಮಾರ್ಚ್‌ನಲ್ಲಿ ಮೂಲ ಪ್ರಕಾಶಕರಿಗೆ ಪತ್ರ ಬರೆದೆ. ಉತ್ತರವಿಲ್ಲ. ಮೇ ತಿಂಗಳಲ್ಲಿ ಮತ್ತೊಂದು ಬರೆದೆ. ಜುಲೈಯಲ್ಲಿ ಮೂರು ಸಾಲಿನ ಉತ್ತರ ಬಂತು: ತಮಗಿದ್ದದ್ದು ಮಲಯಾಳದಲ್ಲಿ ಅಚ್ಚು ಹಾಕುವ ಹಕ್ಕು ಮಾತ್ರ, ಮನೆಯವರನ್ನು ಕೇಳಬೇಕು ಎಂದು. ನಾಲ್ಕು ತಿಂಗಳು ಹೋದರೂ ಈ ಪತ್ರ ಮುಂದೆ ಬಹಳ ಉಪಕಾರಕ್ಕೆ ಬಂತು. ಕನ್ನಡದ ಪ್ರಕಾಶಕರು ಮೊದಲು ಕೇಳಿದ್ದೇ ಅದನ್ನು. ಹಾಗಾಗಿ ಮೂಲ ಪ್ರಕಾಶಕರಿಗೆ ಹಕ್ಕಿಲ್ಲ ಎಂದು ಗೊತ್ತಿದ್ದರೂ ಅದನ್ನು ಬರಹದಲ್ಲಿ ತರಿಸಿಕೊಳ್ಳಿ.

ಆಗಸ್ಟ್‌ನಲ್ಲಿ ಹೊರಟೆ. ನಾನಿರುವುದು ಮೈಸೂರಿನಲ್ಲಿ. ಮಡಿಕೇರಿ, ಸುಳ್ಯ, ಜಾಲ್ಸೂರು ದಾಟಿ ಮುಳ್ಳೇರಿಯದಲ್ಲಿ ಇಳಿದು, ಮನೆಯಲ್ಲಿ ಒಂದು ರಾತ್ರಿ ಮಲಗಿ, ಬೆಳಗ್ಗೆ ಕಾಸರಗೋಡಿನಿಂದ ರೈಲು. ಸ್ಟೇಷನ್ ಬಿಟ್ಟ ಸ್ವಲ್ಪ ಹೊತ್ತಿಗೆ ಚಂದ್ರಗಿರಿ ಹೊಳೆ ಬರುತ್ತದೆ. ಆ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದನ್ನು ಅಜ್ಜ ಊಟದ ನಡುವೆ ಎಷ್ಟು ಸಲ ಹೇಳಿದ್ದರೋ. ಅಜ್ಜನಿಗೆ ಆ ಹೊಳೆ ಗಡಿಯಾಗಿತ್ತು. ಕಥೆಗಳ ಕಡತವನ್ನು ಮಡಿಲಲ್ಲಿಟ್ಟುಕೊಂಡು ಅದೇ ಹೊಳೆ ದಾಟುವಾಗ ಎದೆ ಹೊಡೆದುಕೊಳ್ಳುತ್ತಿತ್ತು.

ಮಾಷರ ಮನೆಯಲ್ಲಿ ಹಿರಿಯ ಮಗ ಇದ್ದರು, ಎಪ್ಪತ್ತು ದಾಟಿದವರು. ‘ಏಟ್ಟಾ’ ಎಂದೇ ಕರೆದೆ, ನಾವು ಅಣ್ಣಾ ಎನ್ನುವ ಹಾಗೆ. ಚಾ ಕೊಟ್ಟು, ನಾನು ತಂದ ಕನ್ನಡದ ಹಾಳೆಗಳನ್ನು ತಿರುಗಿಸಿ ನೋಡಿದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ‘ಓದಮ್ಮ, ಕೇಳುತ್ತೇನೆ’ ಎಂದರು. ಬೀಡಿ ಕಟ್ಟುವ ಕಥೆಯ ಮೊದಲೆರಡು ಪುಟ ಓದಿದೆ. ಅರ್ಧದಲ್ಲೇ ಕಣ್ಣೊರೆಸಿಕೊಂಡು, ಅಚ್ಛನ್ (ಅಪ್ಪ) ಹೀಗೆಯೇ ನಿಲ್ಲಿಸಿ ನಿಲ್ಲಿಸಿ ಓದುತ್ತಿದ್ದರು ಎಂದರು. ಕೆಲಸ ಆಯಿತು ಎಂದುಕೊಂಡೆ. ಕೆಲಸ ಶುರುವಾದದ್ದು ಆಮೇಲೆ.

ವಾರಸುದಾರರು ನಾಲ್ಕು ಕಡೆ. ಇವರೊಬ್ಬರು, ಕೋಝಿಕ್ಕೋಡಿನಲ್ಲಿ ಒಬ್ಬ ಮಗಳು, ಶಾರ್ಜಾದಲ್ಲಿ ಇನ್ನೊಬ್ಬ ಮಗಳು, ತೀರಿಕೊಂಡ ಕಿರಿಯ ಮಗನ ಹೆಂಡತಿ ಮತ್ತು ಮಗ ಪಯ್ಯನ್ನೂರಿನಲ್ಲಿ. ಒಬ್ಬರ ಸಹಿಯಿಂದ ಆಗುವುದಿಲ್ಲ, ಹಕ್ಕಿರುವವರೆಲ್ಲ ಒಪ್ಪಬೇಕು. ಆಸ್ತಿ ಪಾಲಾಗುವಾಗ ತಾಲೂಕು ಕಚೇರಿಯಿಂದ ಮಾಡಿಸಿದ್ದ ವಾರಸುದಾರಿಕೆ ಪತ್ರ ಮನೆಯಲ್ಲೇ ಇತ್ತು, ನನ್ನ ಪುಣ್ಯ. ಇಲ್ಲದಿದ್ದರೆ ಇನ್ನೆಷ್ಟು ತಿಂಗಳೋ.

ಆದರೆ ಆ ಪತ್ರದಲ್ಲಿದ್ದ ಹೆಸರು ಪುಸ್ತಕದ ಮೇಲಿನ ಹೆಸರಲ್ಲ. ಮಾಷರು ಬರೆದದ್ದು ಕಾವ್ಯನಾಮದಲ್ಲಿ. ಸರಕಾರಿ ಕಾಗದದಲ್ಲಿ ತರವಾಡಿನ (ಮೂಲಮನೆಯ) ಹೆಸರು ಸೇರಿದ ಉದ್ದದ ಹೆಸರು. ಊರಿನವರಿಗೆ ಅವರು ಬರೀ ಮಾಷ್. ಮೂರೂ ಒಬ್ಬರೇ ಎಂದು ತೋರಿಸದೆ ಮುಂದೆ ಹೋಗುವ ಹಾಗಿರಲಿಲ್ಲ. ಕೇರಳದಲ್ಲಿ ಇದಕ್ಕೆಂದೇ ವಿಲ್ಲೇಜ್ ಆಫೀಸಿನಿಂದ ‘ವನ್ ಆ್ಯಂಡ್ ಸೇಮ್’ ಸರ್ಟಿಫಿಕೇಟ್ ಕೊಡುತ್ತಾರೆ, ಅಕ್ಷಯ ಎಂಬ ಅಲ್ಲಿನ ಸರಕಾರಿ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಅರ್ಜಿ ಮನೆಯವರೇ ಹಾಕಬೇಕಾಯಿತು. ನಾನು ಕಾಗದ ಹೊಂದಿಸಿ ಕೊಟ್ಟೆ: ಮರಣ ಪತ್ರ, ಶಾಲೆಯ ಸೇವಾ ದಾಖಲೆಯ ಪ್ರತಿ, ಕಾವ್ಯನಾಮವೂ ನಿಜ ಹೆಸರೂ ಒಟ್ಟಿಗೆ ಇರುವ ಹಳೆಯ ಪತ್ರಿಕೆಯ ತುಣುಕು. ಆ ತುಣುಕು ಹುಡುಕಲು ಹೋದದ್ದು ಅದೇ ಹಳೆಯ ವಾಯನಶಾಲೆಗೆ. ಕಟ್ಟಿಟ್ಟ ಪತ್ರಿಕೆಗಳ ಧೂಳಿನಲ್ಲಿ ಎರಡು ದಿನ ಕೂತೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಸಿಕ್ಕಿತು, ಶ್ರದ್ಧಾಂಜಲಿಯ ಒಂದು ಕಾಲಂ. ಗ್ರಂಥಪಾಲಕರು ಕೈಮುಗಿಯುವ ಹಾಗೆ ಅದನ್ನು ಎತ್ತಿಕೊಟ್ಟರು. ಸರ್ಟಿಫಿಕೇಟ್ ಕೈಗೆ ಬರುವಾಗ ಡಿಸೆಂಬರ್.

ಶಾರ್ಜಾದ ಚೇಚ್ಚಿ (ಅಕ್ಕ) ಫೋನಿನಲ್ಲೇ ಒಪ್ಪಿದ್ದರು. ಅಣ್ಣನ ಹೆಸರಿಗೆ ಅಧಿಕಾರಪತ್ರ ಬರೆದು ದುಬೈಯ ಭಾರತೀಯ ಕಾನ್ಸುಲೇಟಿನ ದೃಢೀಕರಣ ಮಾಡಿಸಬೇಕಿತ್ತು. ರಜೆ ಸಿಗದೆ ಮಾರ್ಚ್‌ವರೆಗೆ ಹೋಯಿತು. ಇದರಲ್ಲಿ ಒಂದು ವಿಷಯ ನನಗೆ ತಿಳಿದಿರಲಿಲ್ಲ: ಹೊರದೇಶದಲ್ಲಿ ಸಹಿಯಾದ ಇಂಥ ಪತ್ರಕ್ಕೆ, ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಬೇಕು. ಏಟ್ಟನ್ ಅದನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟು ಮರೆತಿದ್ದರು. ಬೇರೆ ಕೆಲಸಕ್ಕೆ ಸಿಕ್ಕಿದ ಕಾಸರಗೋಡಿನ ಒಬ್ಬ ವಕೀಲರು ಮಾತಿನ ನಡುವೆ ಹೇಳಿದರು, ಎಣಿಸಿ ನೋಡಿದರೆ ಉಳಿದದ್ದು ಹನ್ನೊಂದು ದಿನ. ಮರುದಿನವೇ ಓಡಿದೆವು.

ಪಯ್ಯನ್ನೂರಿನವರು ಮೊದಲು ಬೇಡ ಎಂದರು. ಪಾಲಿನ ಸಮಯದ ನೋವು ಅವರಲ್ಲಿತ್ತು, ಅದು ಸಹಜ. ನಾನು ಒತ್ತಾಯಿಸಲಿಲ್ಲ. ಎರಡು ತಿಂಗಳು ಬಿಟ್ಟು ಪುನಃ ಹೋಗಿ, ಸುರಂಗದ ಕಥೆಯನ್ನು ಮಲಯಾಳದಲ್ಲೇ ಅವರ ಮಗನಿಗೆ ಓದಿ ಹೇಳಿದೆ. ಅಜ್ಜನ ಪುಸ್ತಕ ಅವನ ಮನೆಯಲ್ಲಿ ಒಂದೂ ಇರಲಿಲ್ಲ. ನನ್ನ ಪ್ರತಿಯನ್ನು ಅವನಿಗೇ ಕೊಟ್ಟು ಬಂದೆ. ಜೂನ್‌ನಲ್ಲಿ ಅವನೇ ಫೋನು ಮಾಡಿ, ಅಮ್ಮ ಸಹಿ ಹಾಕುತ್ತಾರೆ ಬನ್ನಿ ಎಂದ. ಮನೆಯವರು ಹಣ ಕೇಳಲಿಲ್ಲ. ಗೌರವಧನದಲ್ಲಿ ನಾಲ್ಕೂ ಕಡೆಗೆ ಪಾಲು, ಹತ್ತು ಪ್ರತಿ, ಇಷ್ಟೇ. ಒಪ್ಪಂದದಲ್ಲಿ ಕನ್ನಡ ಭಾಷೆ, ಅಚ್ಚಿನ ಪುಸ್ತಕ, 5 ವರ್ಷ ಎಂದು ಸ್ಪಷ್ಟವಾಗಿ ಬರೆಸಿದೆ. ಆಮೇಲೆ ಇ-ಪುಸ್ತಕಕ್ಕೆ ಮತ್ತೊಮ್ಮೆ ಎಲ್ಲರ ಸಹಿ ಬೇಕೆಂದಾಗ ಅದನ್ನೂ ಸೇರಿಸದೆ ಹೋದದ್ದಕ್ಕೆ ಮರುಗಿದೆ. ನೀವು ಆ ಮಾತನ್ನೂ ಮೊದಲೇ ಎತ್ತಿ.

ಅಲ್ಲಿಯವರೆಗೆ ಎಂಟು ಸಲ ಮೈಸೂರಿನಿಂದ ಹೋಗಿಬಂದಿದ್ದೆ. ಬಸ್ಸು, ರೈಲು, ಛಾಪಾ ಕಾಗದ, ನೋಟರಿ, ನೆರಳಚ್ಚು, ಕೊರಿಯರ್ ಸೇರಿ 23,400 ರೂಪಾಯಿ ಎಂದು ನನ್ನ ಡೈರಿಯಲ್ಲಿದೆ. ಈ ಖರ್ಚು ಯಾರೂ ಹಿಂದಕ್ಕೆ ಕೊಡುವುದಿಲ್ಲ. ಹೊರಡುವ ಮೊದಲೇ ತಿಳಿದಿರಲಿ.

2023ರ ಜುಲೈಯಲ್ಲಿ ಕನ್ನಡದ ಒಬ್ಬ ಪ್ರಕಾಶಕರಿಗೆ ಹಸ್ತಪ್ರತಿ ಕಳಿಸಿದೆ. ಏಳು ತಿಂಗಳ ಮೇಲೆ ಒಪ್ಪಿಗೆ ಬಂತು. ಅವರು ಕಳಿಸಿದ ಕರಾರಿನಲ್ಲಿ 10,000 ರೂಪಾಯಿಗೆ ಅನುವಾದದ ಎಲ್ಲ ಹಕ್ಕೂ ಶಾಶ್ವತವಾಗಿ ಅವರದ್ದು ಎಂದಿತ್ತು. ನನಗಿದ್ದದ್ದೇ 5 ವರ್ಷದ ಅನುಮತಿ, ಶಾಶ್ವತವಾಗಿ ಕೊಡುವುದು ಎಲ್ಲಿಂದ? ಅದನ್ನೇ ಬರೆದೆ. ಅನುವಾದವೂ ಒಂದು ಸಾಹಿತ್ಯ ಕೃತಿ, ಅದರ ಹಕ್ಕು ಅನುವಾದಕರದ್ದು. ಬರಹದಲ್ಲಿ ಸಹಿ ಹಾಕಿ ಕೊಟ್ಟರೆ ಮಾತ್ರ ಅದು ಕೈದಾಟುತ್ತದೆ. ಕಾಯ್ದೆಯ 19ನೇ ಸೆಕ್ಷನ್ ಓದಿಕೊಳ್ಳಿ, ಬಹಳ ಧೈರ್ಯ ಬರುತ್ತದೆ. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಅರ್ಥ, ಹಕ್ಕು ಪಡೆದವರು 1 ವರ್ಷ ಸುಮ್ಮನಿದ್ದರೆ, ಕರಾರಿನಲ್ಲಿ ಬೇರೆ ಹೇಳದ ಹೊರತು, ಅದು ಬಿದ್ದುಹೋಗುತ್ತದೆ. ಆ 1 ವರ್ಷದ ಬದಲು ನಾವು 18 ತಿಂಗಳು ಎಂದು ಹಾಕಿಕೊಂಡೆವು. ಮುಖಪುಟದಲ್ಲಿ ಅನುವಾದಕಿಯ ಹೆಸರು ಎಂಬ ಸಾಲೂ ಸೇರಿತು. ಏಪ್ರಿಲ್ 2024ರಲ್ಲಿ ಸಹಿಯಾಯಿತು. ‘ಅನುವಾದಕಿಯ ಲಿಖಿತ ಒಪ್ಪಿಗೆ ಇಲ್ಲದೆ ಪಠ್ಯದಲ್ಲಿ ಬದಲಾವಣೆ ಇಲ್ಲ’ ಎಂಬ ಸಾಲನ್ನು ಕೊನೆಯ ಗಳಿಗೆಯಲ್ಲಿ, ವಕೀಲರು ಹೇಳಿದರೆಂದು ಬರೆಸಿದ್ದೆ. ನನ್ನ ಪುಸ್ತಕವನ್ನು ಉಳಿಸಿದ್ದು ಆ ಒಂದು ಸಾಲು. ಯಾಕೆ ಎಂದು ಹೇಳಲು ಸ್ವಲ್ಪ ವ್ಯಾಕರಣಕ್ಕೆ ಹೋಗಬೇಕು.

ಮಲಯಾಳ, ಕನ್ನಡ ಅಕ್ಕಪಕ್ಕದ ಮನೆಗಳು, ಸುಲಭ ಎಂದು ಹೇಳುವವರಿದ್ದಾರೆ. ಹತ್ತಿರವಿದ್ದದ್ದೇ ಕಷ್ಟ. ಅಲ್ಲಿ ‘ಅವಸರ’ ಎಂದರೆ ಅವಕಾಶ. ‘ಸಂಸಾರ’ ಎಂದರೆ ಮಾತುಕತೆ. ‘ವ್ಯವಸಾಯ’ ಎಂದರೆ ಕೈಗಾರಿಕೆ. ‘ಪಟ್ಟಿ’ ಎಂದರೆ ನಾಯಿ. ಇವೆಲ್ಲ ನಿಘಂಟಿನಲ್ಲಿ ಸಿಗುತ್ತವೆ. ಗುಂಡರ್ಟರ ಮಲಯಾಳ ನಿಘಂಟು 1872ರದ್ದು, ಕಿಟ್ಟೆಲರ ಕನ್ನಡ ನಿಘಂಟು 1894ರದ್ದು, ಎರಡೂ ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಎರಡನ್ನೂ ಮಗ್ಗುಲಲ್ಲಿ ತೆರೆದಿಟ್ಟುಕೊಂಡರೆ ಎಷ್ಟೋ ಶಬ್ದಗಳು ಒಂದೇ ಬೇರಿಗೆ ಹೋಗಿ ಮುಟ್ಟುತ್ತವೆ.

ನಿಘಂಟಿನಲ್ಲಿ ಸಿಗದ್ದು ಕ್ರಿಯಾಪದ. ಮಲಯಾಳದಲ್ಲಿ ‘ಪೋಯಿ’ ಎಂದರೆ ಹೋದ, ಹೋದಳು, ಹೋದರು, ಹೋದೆ, ಎಲ್ಲವೂ. ಹೋದದ್ದು ಯಾರೆಂದು ಕ್ರಿಯಾಪದ ಹೇಳುವುದಿಲ್ಲ. ಮಾಷರ ಏಳನೆಯ ಕಥೆ ನಿಂತಿರುವುದೇ ಇದರ ಮೇಲೆ. ಮಳೆಗಾಲದ ಒಂದು ರಾತ್ರಿ ಮನೆಯ ಬಾಗಿಲಿಗೆ ಯಾರೋ ಬರುತ್ತಾರೆ. ಕಥೆಯುದ್ದಕ್ಕೂ ಮಾಷ್ ‘ಆಳ್’ ಎನ್ನುತ್ತಾರೆ, ಬರೀ ಒಂದು ಆಳ್. ಬಂದದ್ದು ಗಂಡೋ ಹೆಣ್ಣೋ ಎನ್ನುವುದು ಕೊನೆಯ ಪುಟದವರೆಗೆ ತಿಳಿಯುವುದಿಲ್ಲ. ತಿಳಿದಾಗ ಇಡೀ ಕಥೆ ಬೇರೆಯಾಗುತ್ತದೆ. ಕನ್ನಡದಲ್ಲಿ ಮೊದಲ ವಾಕ್ಯದಲ್ಲೇ ‘ಬಂದಳು’ ಎಂದರೆ ಕಥೆ ಮುಗಿಯಿತು. ‘ಆಳು’ ಎಂದರೆ ಕೆಲಸದವರು ಎಂದಾಗುತ್ತದೆ. ‘ವ್ಯಕ್ತಿ’ ಎಂದರೆ ಪೊಲೀಸ್ ವರದಿಯ ಹಾಗೆ ಕೇಳಿಸುತ್ತದೆ.

ಆ ಕಥೆಯನ್ನು ಐದು ಸಲ ಬರೆದು ಬಿಟ್ಟಿದ್ದೆ. ಆರನೆಯ ಸಲಕ್ಕೆ ದಾರಿ ಸಿಕ್ಕಿದ್ದು ಊರಿನಲ್ಲಿ. ಅಡಿಗೆಮನೆಯಿಂದ ಅಮ್ಮ ಕೂಗಿ ಕೇಳಿದರು, ‘ಗೇಟಿನ ಹತ್ತರೆ ಒಂದು ಜನ ನಿಂದಿದಲ್ದಾ, ಆರದು?’ ಯಾರದು ಎಂದು. ಒಂದು ಜನ! ನಮ್ಮ ಕಡೆ ಒಬ್ಬರೇ ಇದ್ದರೂ ‘ಒಂದು ಜನ’, ಗಂಡಾದರೂ ಹೆಣ್ಣಾದರೂ. ‘ಆ ಜನ ಬಂದಿದೆ’ ಎಂದರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಮತ್ತೆ ನಮ್ಮ ‘ಬಂದದ್ದು, ಕೂತದ್ದು, ಹೇಳಿದ್ದು’. ನೀವು ಯಾವಾಗ ಬಂದದ್ದು, ಅವರು ಹೇಳಿದ್ದು ಹಾಗೆ. ಇದರಲ್ಲೂ ಗಂಡು ಹೆಣ್ಣು ಇಲ್ಲ. ಇನ್ನು ‘ಮಾತಾಡಲಿಲ್ಲ, ನೀರು ಕೇಳಲಿಲ್ಲ’ ಎಂಬ ನಿಷೇಧ ರೂಪ ಎಲ್ಲ ಕನ್ನಡದಲ್ಲೂ ಹಾಗೆಯೇ ಇದೆ. ಜಗಲಿಯಲ್ಲಿ ಕೂತು ಆ ರಾತ್ರಿಯೇ ಕಥೆ ಮುಗಿಸಿದೆ. ನಾನು ಶಾಲೆಯಲ್ಲಿ ತಿದ್ದಿಸಿಕೊಂಡು, ಮೈಸೂರಿಗೆ ಬಂದ ಮೇಲೆ ಬಾಯಿಯಿಂದ ಬಿಟ್ಟೇ ಹೋಗಿದ್ದ ಮಾತು ಅದು.

2024ರ ನವೆಂಬರ್‌ನಲ್ಲಿ ಕರಡು ತಿದ್ದಿ ಬಂತು. ‘ಆ ಜನ’ ಎಲ್ಲ ಕಡೆ ‘ಆಕೆ’ ಆಗಿತ್ತು. ‘ಬಂದದ್ದು’ ಎಲ್ಲ ‘ಬಂದಳು’. ತೋಡು ಹೋಗಿ ಕಾಲುವೆ, ಗುಡ್ಡೆ ಹೋಗಿ ಬೆಟ್ಟ, ಚಾವಡಿ ಹೋಗಿ ಹಜಾರ. ಓದುಗರಿಗೆ ಅರ್ಥವಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದರು. ನಾನು ಎರಡು ದಿನ ಆ ಹಾಳೆಗಳನ್ನು ಮುಟ್ಟಲಿಲ್ಲ. ಮೂರನೆಯ ದಿನ ಕರಾರಿನ ಸಾಲನ್ನು ಎತ್ತಿ ಬರೆದು, ಜೊತೆಗೆ ಪ್ರತಿಯೊಂದು ಶಬ್ದ ಯಾಕೆ ಅಲ್ಲಿರಬೇಕು ಎಂದು ಹನ್ನೆರಡು ಪುಟದ ವಿವರಣೆ ಕಳಿಸಿದೆ. ಸಿಟ್ಟಿನ ಪತ್ರ ಕಳಿಸಬೇಡಿ, ವಿವರಣೆ ಕಳಿಸಿ. ಕೆಲವು ಕಡೆ ನಾನೂ ಬಗ್ಗಿದೆ. ‘ಸುರಂಗ’ ಎಂದರೆ ಬೆಂಗಳೂರಿನವರಿಗೆ ಮೆಟ್ರೊ ನೆನಪಾಗುತ್ತದೆ ಎಂದು ಸಂಪಾದಕರು ಹೇಳಿದ್ದು ಸರಿಯೇ. ಅಡಿಟಿಪ್ಪಣಿ ಬೇಡ ಎಂದು, ಗುಡ್ಡೆಯ ಹೊಟ್ಟೆಯಿಂದ ನೀರು ತೊಟ್ಟಿಕ್ಕುವ ಒಂದು ವಾಕ್ಯವನ್ನು ಏಟ್ಟನ್ನರ ಒಪ್ಪಿಗೆ ಪಡೆದು ಸೇರಿಸಿದೆ.

ಆಮೇಲೆ ಐದಾರು ತಿಂಗಳು ಅಲ್ಲಿಂದ ಸುದ್ದಿಯೇ ಇಲ್ಲ. ಆ ದಿನಗಳ ಬಗ್ಗೆ ಹೇಳಲು ಏನೂ ಇಲ್ಲ, ಕಾದೆ. 2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೂ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕೂ ಅಂತಾರಾಷ್ಟ್ರೀಯ ಬೂಕರ್ ಬಂತು. 50,000 ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ಅನುವಾದಕಿ ನಾನು ಬಸ್ಸಿನಲ್ಲಿ ದಾಟುವ ಮಡಿಕೇರಿಯ ಹೆಣ್ಣುಮಗಳು ಎಂದು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಮರುವಾರ ಪ್ರಕಾಶಕರಿಂದ ಫೋನು ಬಂತು. ‘ಮೇಡಂ, ನಿಮ್ಮ ಪಠ್ಯ ನೀವು ಹೇಳಿದ ಹಾಗೇ ಇರಲಿ, ಬೇಗ ಮಾಡೋಣ.’ ನನ್ನ ಹನ್ನೆರಡು ಪುಟ ಓದಿ ಒಪ್ಪಿದರೋ ಬೂಕರ್ ನೋಡಿ ಒಪ್ಪಿದರೋ ನಾನು ಕೇಳಲಿಲ್ಲ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಅವರೇ ತೆಗೆದುಕೊಂಡರು. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಅದಕ್ಕೆಂದು ನಿಮ್ಮಿಂದ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಹದಿನೆಂಟು ತಿಂಗಳು ತುಂಬಲು ಹನ್ನೆರಡು ದಿನ ಇರುವಾಗ ಪುಸ್ತಕ ಅಚ್ಚಾಗಿ ಬಂತು.

ಹತ್ತು ಪ್ರತಿ ನೀಲೇಶ್ವರಕ್ಕೆ ನಾನೇ ಒಯ್ದೆ. ಶಾರ್ಜಾಕ್ಕೆ ಒಂದು, ಹೋಗುವವರ ಕೈಯಲ್ಲಿ. ಪಯ್ಯನ್ನೂರಿನ ಹುಡುಗ ಈಗ ಕನ್ನಡ ಅಕ್ಷರ ಕಲಿಯುತ್ತಿದ್ದಾನಂತೆ.

ಮೊನ್ನೆ ಊರಿನ ಚಾವಡಿಯಲ್ಲಿ ಅಮ್ಮ ಪುಸ್ತಕ ಹಿಡಿದು ಕೂತರು. ಬೇರೆ ಕಥೆಗಳನ್ನೆಲ್ಲ ಮಗುಚಿ, ಏಳನೆಯದನ್ನೇ ತೆಗೆದದ್ದು ಯಾಕೋ. ನಾನು ಅಡಿಕೆ ಸುಲಿಯುತ್ತಾ ಸುಮ್ಮನಿದ್ದೆ. ಮೂರು ಪುಟ ಆಗಿರಬೇಕು, ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು.

‘ಆರು ಮಗಳೆ ಅದು, ಬಾಗಿಲಿಂಗೆ ಬಂದದು?’

‘ಓದಿ ಅಮ್ಮ’ ಎಂದೆ.